ಉಸಿರಿನ ಸಾಕ್ಷಿ

ಜಗಳೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅರುಣಾ ಎಡಗೈಯನ್ನು ಬಟ್ಟಲು ಮಾಡಿ ಬಾಯಿಯ ಮುಂದೆ ಹಿಡಿದು, ಉಸಿರು ಬಿಟ್ಟು, ಕೂಡಲೇ ಮೂಸಿ ನೋಡಿದಳು. ಬೆಳಿಗ್ಗೆ ತಿಂದ ಚಿತ್ರಾನ್ನದ ಒಗ್ಗರಣೆ, ಅದರ ಹಿಂದೆ ಟೂತ್‌ಪೇಸ್ಟು, ಅದಕ್ಕೂ ಹಿಂದೆ ಇನ್ನೇನೋ ಇರಬಹುದೆಂದು ಅನ್ನಿಸಿ ಮತ್ತೊಮ್ಮೆ ಮೂಸಿದಳು. ಏನೂ ಇರಲಿಲ್ಲ. ಪಕ್ಕದ ಹೆಂಗಸು, "ವಾಂತಿ ಬರ್ತೈತೇನಮ್ಮ? ಕಿಟಕಿ ತೆಗೀಲಾ?" ಎಂದಾಗ ನಾಚಿ ಕೈ ಕೆಳಗಿಳಿಸಿ, "ಇಲ್ಲ ರೀ" ಎಂದಳು. ಒಂದು ವಾರದಿಂದ ಇದೇ ಆಗಿತ್ತು. ಬಸ್ಸಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ, ಮುಂದೆ ನಿಂತವರ ಉಸಿರನ್ನು ತನಗರಿವಿಲ್ಲದೆಯೇ ಹುಡುಕುತ್ತಿದ್ದಳು. ಮೂವತ್ತಾರು ವರ್ಷದ ಹೆಂಗಸು, ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ನರ್ಸಾಗಿದ್ದವಳು, ಈಗ ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನ ಲಿವರ್ ಅಧ್ಯಯನದಲ್ಲಿ ಊರೂರು ತಿರುಗುವವಳು, ನಾಯಿಯ ಹಾಗೆ ಮೂಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯೂ ಕುತೂಹಲವೂ ಒಟ್ಟಿಗೇ ಆಗುತ್ತಿದ್ದವು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಕುಡಿತವಿಲ್ಲದವರಿಗೂ ಲಿವರ್ ಯಾಕೆ ಕೊಬ್ಬು ತುಂಬಿ ಗಟ್ಟಿಯಾಗುತ್ತಿದೆ ಎಂದು ಕಂಡುಹಿಡಿಯುವುದು ಅಧ್ಯಯನದ ಉದ್ದೇಶ. ಅರುಣಾಳ ಕೆಲಸ ಸರಳ. ಮಲಗಿದವರ ಬಲಪಕ್ಕೆಯ ಸಂದಿಗೆ ಯಂತ್ರದ ಮೂತಿ ಇಟ್ಟು ಗುಂಡಿ ಒತ್ತಬೇಕು. ಅದು ಒಳಗಿನ ಲಿವರನ್ನು ಮೆಲ್ಲಗೆ ಹತ್ತು ಸಲ ತಟ್ಟುತ್ತದೆ. ತಟ್ಟಿದ್ದು ಎಷ್ಟು ಬೇಗ ಒಳಗೆ ಓಡಿತೋ ಅಷ್ಟು ಲಿವರ್ ಗಟ್ಟಿ. ಯಂತ್ರ ತೋರಿಸುವ ಸಂಖ್ಯೆ ಆರರೊಳಗಿದ್ದರೆ ಮೆದು, ಹತ್ತು ದಾಟಿದರೆ ಕೆಟ್ಟಿದೆ. ಆಮೇಲೆ ಫಾರಂ ತುಂಬಬೇಕು. ಅದರ ಹದಿನಾಲ್ಕನೆಯ ಪ್ರಶ್ನೆ ಮದ್ಯಪಾನದ್ದು: ಇಲ್ಲ, ಹಿಂದೆ ಇತ್ತು, ಈಗಲೂ ಇದೆ. ಮೂರು ವಾರದ ಹಿಂದೆ ಜಗಳೂರಿನಲ್ಲಿ ನನ್ನೇಸಾಬ ಎಂಬ ಅರವತ್ತೆರಡು ವರ್ಷದ ಕಸಾಯಿಯ ಸಂಖ್ಯೆ ಹದಿಮೂರು ಬಂದಿತ್ತು. "ಕುಡೀತಿದ್ರಾ?" ಎಂದು ಕೇಳಿದ್ದಕ್ಕೆ ಆತ, "ನಾಲಗೀಗೆ ಮುಟ್ಟಿಸಿಲ್ಲಮ್ಮ" ಎಂದಿದ್ದ. ಎಲ್ಲರೂ ಹಾಗೇ ಹೇಳುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಆತ ಎದ್ದು ಕೂತಾಗ ಒಂದು ವಾಸನೆ ಬಂದಿತ್ತು, ಅಥವಾ ಬಂತೆಂದು ಅವಳಿಗೆ ಅನ್ನಿಸಿತ್ತು. ವಾಸನೆ ಮೊದಲು ಬಂದಿದ್ದೋ ಸಂಖ್ಯೆ ಮೊದಲು ಬಂದಿದ್ದೋ ಈಗ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ. ಆತ ಹೊರಗೆ ಹೋದ ಮೇಲೆ ಅವಳು 'ಹಿಂದೆ ಇತ್ತು' ಎಂಬ ಚೌಕದಲ್ಲಿ ಗುರುತು ಹಾಕಿದ್ದಳು. ಒಂದು ಕ್ಷಣವೂ ಕೈ ತಡೆದಿರಲಿಲ್ಲ.

ಕಳೆದ ಮಂಗಳವಾರ ಕಾಲೇಜಿನ ವಾರ್ಡಿಗೆ ಅವಳು ಹೋಗಬೇಕಾಗಿದ್ದು ಬೇರೆ ಯಾವುದೋ ಸಹಿಗೆ. ಅಧ್ಯಯನದ ಮುಖ್ಯಸ್ಥ ಡಾಕ್ಟರ್ ಮಾಲತೇಶ್ ಒಂದು ಮಂಚದ ಪಕ್ಕ ನಿಂತು ವಿದ್ಯಾರ್ಥಿಗಳಿಗೆ ಏನೋ ಹೇಳುತ್ತಿದ್ದರು. ಮಂಚದ ಮೇಲೆ ನ್ಯಾಮತಿ ಕಡೆಯ ಗಾದ್ರಮ್ಮ ಎಂಬ ಮುದುಕಿ. ಹೊಟ್ಟೆ ಉಬ್ಬಿತ್ತು, ಕಣ್ಣು ಅರಿಶಿನವಾಗಿತ್ತು. "ಹತ್ತಿರ ಬನ್ನಿ, ಇವರ ಉಸಿರು ನೋಡಿ. ಪುಸ್ತಕದಲ್ಲಿ ಓದಿದರೆ ತಿಳಿಯಲ್ಲ. ಒಂದು ಸಲ ಮೂಸಿದರೆ ಸಾಯೋ ತನಕ ಮರೆಯಲ್ಲ" ಎಂದರು ಡಾಕ್ಟರು. ವಿದ್ಯಾರ್ಥಿಗಳು ಮುಜುಗರದಿಂದ ಒಬ್ಬೊಬ್ಬರಾಗಿ ಬಗ್ಗಿದರು. ಕೊನೆಗೆ, ಯಾರೂ ಹೇಳದಿದ್ದರೂ, ಅರುಣಾಳೂ ಬಗ್ಗಿದಳು. ಅತಿಯಾಗಿ ಮಾಗಿ ಕೊಳೆಯಲು ಶುರುವಾದ ಹಣ್ಣು, ಅದರಡಿಯಲ್ಲಿ ಮುಗ್ಗಿದ ನೆಲಮಾಳಿಗೆ. ಅದು ಅವಳ ಅಪ್ಪನ ವಾಸನೆಯಾಗಿತ್ತು. ಅವಳು ಬಗ್ಗಿಯೇ ಇದ್ದಳು. ಗಾದ್ರಮ್ಮ ಕಣ್ಣು ತೆರೆದು, "ಯಾರವ್ವ ನೀನು, ನನ್ನ ಮಗಳಾ?" ಎಂದಳು. ಡಾಕ್ಟರು ಹೇಳುತ್ತಲೇ ಇದ್ದರು: ಲಿವರ್ ಪೂರ್ತಿ ಸೋತಾಗ ರಕ್ತದಲ್ಲಿನ ವಿಷ ಸೋಸುವುದಿಲ್ಲ, ಅದೇ ಉಸಿರಿನಲ್ಲಿ ಬರುತ್ತದೆ, ಅದೇ ಮೆದುಳಿಗೂ ಹೋಗುತ್ತದೆ, ರೋಗಿ ತೊದಲುತ್ತಾನೆ, ಊರಿನ ಹೆಸರು ತಪ್ಪುತ್ತಾನೆ, ಚಾಚಿದ ಕೈ ಹಕ್ಕಿಯ ರೆಕ್ಕೆಯ ಹಾಗೆ ಬಡಿಯುತ್ತದೆ, ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ, ಈ ಅಜ್ಜಿ ಜೀವಮಾನದಲ್ಲಿ ಕುಡಿದವಳಲ್ಲ.

ಊರಿನ ಹೆಸರು ತಪ್ಪುತ್ತಾನೆ. ಅವಳ ಅಪ್ಪ ನಾಗೇಂದ್ರಪ್ಪ ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟಾಗಿದ್ದ. ಬಸ್ಸು ಬಂದಾಗ ಊರುಗಳ ಹೆಸರನ್ನು ಕೂಗುವುದೇ ಅವನ ಕೆಲಸ. ಅವನ ಗಂಟಲಿಗೆ ಒಂದು ಗತ್ತಿತ್ತು. ಚನ್ನಗಿರಿ ಎಂದರೆ ಚನ್ನಗಿರಿಯೇ ಎದ್ದು ಬಂದು ಬಸ್ಸಿನ ಬಾಗಿಲಲ್ಲಿ ನಿಂತ ಹಾಗಾಗುತ್ತಿತ್ತು. ಕೊನೆಯ ವರ್ಷ ಆ ಹೆಸರುಗಳು ಅದಲುಬದಲಾದವು. ಹೊನ್ನಾಳಿ ಬಸ್ಸಿಗೆ ದಾವಣಗೆರೆ ಎಂದು ಕೂಗಿ ಒಬ್ಬ ಬಸುರಿಯನ್ನು ಅದಕ್ಕೆ ಹತ್ತಿಸಿದ. ಆ ಬಸುರಿಯ ಅಣ್ಣಂದಿರು ಮರುದಿನ ಬಂದು ಅವನ ಕಾಲರ್ ಹಿಡಿದರು. ಟಿಕೆಟ್ ಕೊಡುವ ಕೈ ನಡುಗುತ್ತಿತ್ತು. ಬೆಳಿಗ್ಗೆಯೇ ಹಾಕ್ಕೊಂಡು ಬರ್ತಾನೆ ಎಂದಿತು ಬಸ್‌ಸ್ಟ್ಯಾಂಡು. ಅಮ್ಮ ಅಕ್ಕಿ ಡಬ್ಬದ ಹಿಂದೆ, ಬಚ್ಚಲಿನ ಸೌದೆಯ ಸಂದಿಯಲ್ಲಿ ಬಾಟಲಿ ಹುಡುಕಿದಳು. ಸಿಗಲಿಲ್ಲ. ಸಿಗದಿದ್ದದ್ದು ಅವನ ಜಾಣತನಕ್ಕೆ ಸಾಕ್ಷಿಯಾಯಿತು. ಒಂದು ಮಧ್ಯಾಹ್ನ ಅಪ್ಪ ನಡುಮನೆಯಲ್ಲಿ ಬಾಯಿ ತೆರೆದು ಮಲಗಿದ್ದ. ಅಮ್ಮ ಹದಿನಾಲ್ಕು ವರ್ಷದ ಅರುಣಾಳನ್ನು ಕರೆದು, "ನನಗೆ ನೆಗಡಿ, ಮೂಗು ಕಟ್ಟೈತೆ, ನೀನು ನೋಡು" ಎಂದಳು. ಅರುಣಾ ಮಂಡಿಯೂರಿ ಅಪ್ಪನ ಮುಖದ ಮೇಲೆ ಬಗ್ಗಿ ಉಸಿರೆಳೆದುಕೊಂಡಳು. ಆವತ್ತಿನವರೆಗೆ ಹೆಂಡದ ವಾಸನೆ ಹೇಗಿರುತ್ತದೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ವಾಸನೆಯೊಂದು ಅಲ್ಲಿತ್ತು. "ಹೂಂ, ಬರ್ತೈತೆ" ಎಂದಳು. ಎದ್ದು ನಿಂತಾಗ ಅಪ್ಪನ ಕಣ್ಣು ತೆರೆದಿದ್ದವು. ಕೇಳಿಸಿಕೊಂಡಿದ್ದನೋ ಇಲ್ಲವೋ. ಅವತ್ತೇ ಅವನ ಚಾಪೆ ಹೊರಗಿನ ಪಡಸಾಲೆಗೆ ಹೋಯಿತು. ಎರಡು ತಿಂಗಳ ಮೇಲೆ ಚನ್ನಗಿರಿಯ ಆಸ್ಪತ್ರೆಯಲ್ಲಿ ಅವನು ಸತ್ತ. ಕುಡಿದೇ ಸತ್ತ ಎಂದಿತು ಊರು. ಅಮ್ಮನೂ ಹಾಗೇ ಎಂದಳು. ಇಪ್ಪತ್ತೆರಡು ವರ್ಷ ಅರುಣಾಳೂ ಹಾಗೇ ಅಂದುಕೊಂಡಿದ್ದಳು.

ಬುಧವಾರ ಅವಳು ಮಾಲತೇಶರ ಕೋಣೆಗೆ ಹೋಗಿ ನನ್ನೇಸಾಬನ ಫಾರಂ ಮುಂದಿಟ್ಟು ನಡೆದದ್ದು ಹೇಳಿದಳು. ಅಪ್ಪನ ವಿಷಯ ಹೇಳಲಿಲ್ಲ. ಡಾಕ್ಟರು ಕನ್ನಡಕ ತೆಗೆದು, "ಹದಿಮೂರಕ್ಕೆ ಆ ವಾಸನೆ ಬರೋದಿಲ್ಲ ಅರುಣಾ. ಅದು ಕೊನೇ ಹಂತದ್ದು. ನೀವು ಏನು ಮೂಸಿದಿರೋ ನನಗೆ ಗೊತ್ತಿಲ್ಲ" ಎಂದರು. ಫಾರಂ ಮಗುಚಿಟ್ಟು, "ಇಂಥ ಫಾರಂ ಇನ್ನೆಷ್ಟಿವೆ?" ಎಂದರು. ಅವಳಿಗೆ ಗೊತ್ತಿರಲಿಲ್ಲ. ಆರುನೂರು ಫಾರಂಗಳನ್ನು ಎರಡು ದಿನ ಕೂತು, ಒಬ್ಬೊಬ್ಬರ ಉತ್ತರ ನೆನಪಿಸಿಕೊಂಡು ನೋಡಿದಾಗ, ಇಲ್ಲ ಎಂದವರ ಮಾತನ್ನು ತಾನು ಒಪ್ಪದೆ ಗುರುತು ಹಾಕಿದ್ದು ಹನ್ನೊಂದು ಸಿಕ್ಕವು. ಹೊನ್ನಾಳಿಯ ಒಬ್ಬ ದರ್ಜಿ, ಕತ್ತಲಗೆರೆಯ ಒಬ್ಬ ಮೇಷ್ಟ್ರು, ಹೀಗೆ. ಎಲ್ಲರೂ ಗಂಡಸರು. ಎಲ್ಲರಿಗೂ ಸಂಖ್ಯೆ ಹತ್ತರ ಮೇಲೆ. ಎಲ್ಲರೂ ನಲವತ್ತರ ಆಚೆ, ಅವಳ ಅಪ್ಪ ಸತ್ತ ವಯಸ್ಸಿನ ಆಸುಪಾಸು ಅಥವಾ ಅದಕ್ಕೂ ಹಿರಿಯರು. ಪಟ್ಟಿ ನೋಡುತ್ತ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ವಿಚಿತ್ರ ಆಸಕ್ತಿ ಹುಟ್ಟಿತು. ಕೈಯೊಂದು ತನ್ನಷ್ಟಕ್ಕೆ ಹನ್ನೊಂದು ಸಲ ಒಬ್ಬನನ್ನೇ ಬರೆದಿತ್ತು. ಡಾಕ್ಟರು ಬೈಯಲಿಲ್ಲ. ಇನ್ನು ಮುಂದೆ ಪ್ರಶ್ನೆಗಳನ್ನು ಅನ್ನಪೂರ್ಣ ಕೇಳಲಿ, ನೀವು ಯಂತ್ರ ಮಾತ್ರ ಹಿಡಿಯಿರಿ, ಈ ಹನ್ನೊಂದು ಮನೆಗೂ ಅವಳೇ ಮತ್ತೆ ಹೋಗಲಿ ಎಂದರು. ಅದೇ ಅಧ್ಯಯನದಲ್ಲಿದ್ದ ಅನ್ನಪೂರ್ಣ ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಮೇಜಿನ ಆಚೆಯಿಂದ ಫಾರಂ ಕಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ ಅವಳು ಅರುಣಾಳ ಮುಖ ನೋಡಲಿಲ್ಲ. ಆ ನೋಡದಿರುವಿಕೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ನನ್ನೇಸಾಬನ ಮನೆಗೆ ಮಾತ್ರ ತಾನೇ ಹೋಗುತ್ತೇನೆ ಎಂದು ಅರುಣಾ ಕೇಳಿಕೊಂಡಿದ್ದಳು. ಏಕೆಂದರೆ ಗುರುವಾರ ಆತನ ಮಗಳು ಶಾಯಿಸ್ತಾ ಫೋನ್ ಮಾಡಿದ್ದಳು. ಕಾಲೇಜಿನಿಂದ ಹೋದ, ಹಿಂದೆ ಮದ್ಯಪಾನ ಇತ್ತು ಎಂದಿದ್ದ ವರದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದವಳು ಅವಳೇ. "ಅಮ್ಮಿ ಅಬ್ಬಾನ ಜೊತೆ ಮಾತು ಬಿಟ್ಟು ಆರು ದಿನ ಆತು ರೀ. ನಾನು ಓದಿದ್ದು ತಪ್ಪಾ, ನೀವು ಬರೆದಿದ್ದು ತಪ್ಪಾ, ಅಬ್ಬಾ ಹೇಳೋದು ತಪ್ಪಾ, ಒಂದು ಹೇಳ್ರಿ" ಎಂದಿದ್ದಳು.

ಬಸ್ಸು ಜಗಳೂರು ತಲುಪಿದಾಗ ಹತ್ತೂವರೆ. ಮೆಕ್ಕೆಜೋಳದ ಲಾರಿಗಳ ಧೂಳು ದಾಟಿ, ಮಸೀದಿಯ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದಳು. ನನ್ನೇಸಾಬ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಅಂಗಡಿಯನ್ನು ಈಗ ಮಗ ಜಮೀರ್ ನೋಡಿಕೊಳ್ಳುತ್ತಿದ್ದ. "ಬರ್ರಿ ಮೇಡಂ, ತಟ್ಟಿ ನೋಡೋರು ಬಂದ್ರು" ಎಂದು ಎದ್ದ. ಒಳಗೆ ಹಫೀಜಾ, ಆತನ ಹೆಂಡತಿ, ಅಡಿಗೆಮನೆಯ ಬಾಗಿಲಲ್ಲಿ ಸೆರಗು ಎಳೆದುಕೊಂಡು ನಿಂತಳು. ಬಸ್ಸಿನಲ್ಲಿ ಅರುಣಾ ಹೇಳಬೇಕಾದ್ದನ್ನು ಒಪ್ಪವಾಗಿ ಜೋಡಿಸಿಕೊಂಡಿದ್ದಳು: ದಾಖಲೆಯಲ್ಲಿ ಒಂದು ಸಣ್ಣ ತಪ್ಪಾಗಿದೆ, ತಿದ್ದಲು ಬಂದಿದ್ದೇನೆ. ಚೀಲದಿಂದ ಹೊಸ ಫಾರಂ ತೆಗೆದು ಬಾಯಿ ತೆರೆದಾಗ ಆ ಮಾತು ಬರಲಿಲ್ಲ. "ಇವರು ಕುಡಿದಿಲ್ಲ ಅಂತ ಹೇಳಿದ್ರು. ನಾನು ನಂಬಲಿಲ್ಲ. ನಾನೇ ಬರೆದೆ" ಎಂದಳು.

"ಯಾಕೆ ನಂಬಲಿಲ್ಲ?" ಎಂದಳು ಹಫೀಜಾ. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಆಸೆ ಇತ್ತು. ಹಾಗಾಗಿಯೇ ಉತ್ತರ ಕೊಡದೆ ತಪ್ಪಿಸಿಕೊಳ್ಳಲಾಗಲಿಲ್ಲ. ಡಾಕ್ಟರಿಗೆ ಹೇಳದಿದ್ದನ್ನು ಅರುಣಾ ಆ ಬಾಗಿಲಿಗೆ ಹೇಳಿದಳು: ಬಸ್‌ಸ್ಟ್ಯಾಂಡು, ಅದಲುಬದಲಾದ ಊರುಗಳು, ಮಧ್ಯಾಹ್ನದ ಚಾಪೆ, ಗಾದ್ರಮ್ಮನ ಉಸಿರು. ಹೇಳುತ್ತ ಹೇಳುತ್ತ ತಾನು ಕ್ಷಮೆ ಕೇಳಲು ಬಂದಿದ್ದೇನೋ, ಅನುಕಂಪ ಕೇಳಲು ಬಂದಿದ್ದೇನೋ ಎಂದು ಅನುಮಾನವಾಗಿ ಅರ್ಧಕ್ಕೇ ನಿಲ್ಲಿಸಿದಳು. ಹಫೀಜಾ ಬಾಗಿಲು ಬಿಟ್ಟು ಬಂದು ನೆಲದ ಮೇಲೆ ಕೂತಳು. "ನೀನು ಆಗ ಸಣ್ಣಾಕಿ" ಎಂದಳು. "ನಾನು? ನಲವತ್ತೊಂದು ವರ್ಷ ಇವರ ಸಂಗಾಟ ಬಾಳೇ ಮಾಡೀನಿ. ಒಂದು ಕಾಗದ ಬಂತು. ನಾನು ಕಾಗದಾನೇ ನಂಬಿದೆ." ಗಂಡನ ಕಡೆ ನೋಡಲಿಲ್ಲ. ನನ್ನೇಸಾಬ ಕಡಲೆಕಾಯಿಯ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದ.

ಆಮೇಲೆ ಆತ ಸಿಪ್ಪೆಯ ಪುಡಿ ಕೊಡವಿ, ಫೋನ್ ತೆಗೆದು ಮಗನಿಗೆ, "ಲೇ ಜಮೀರ್, ಒಂದು ಚಲೋ ಕಲೀಜಿ, ಇವತ್ತು ಪಕ್ಕಕ್ಕಿಟ್ಟೀಯಲ್ಲ ಆ ಕೆಟ್ಟಿದ್ದು, ಎರಡೂ ತಗೊಂಡು ಬಾ" ಎಂದ. ಜಮೀರ್ ಒಂದು ಸ್ಟೀಲ್ ತಟ್ಟೆಯಲ್ಲಿ ಕುರಿಯ ಎರಡೂ ಲಿವರನ್ನು ತಂದಿಟ್ಟು, ಅರುಣಾಳ ಕಡೆ ಗಡುಸಾಗಿ ನೋಡಿ ಹೋದ. ಒಂದು ಕಂದು, ನುಣುಪು, ಬೆಳಕು ಬಿದ್ದಲ್ಲಿ ಹೊಳೆಯುತ್ತಿತ್ತು. ಇನ್ನೊಂದು ಮಂಕು, ಮೇಲೆಲ್ಲ ಬಿಳಿಯ ನರದಂಥ ಗೆರೆ, ಅಂಚು ಮುದುರಿತ್ತು. "ಕೈ ಹಚ್ಚಿ ನೋಡ್ರಿ" ಎಂದ ನನ್ನೇಸಾಬ. ಆರುನೂರು ಜನರ ಲಿವರನ್ನು ಚರ್ಮದ ಆಚೆಯಿಂದ ತಟ್ಟಿದವಳು ಲಿವರ್ ಎಂಬುದನ್ನು ಬೆರಳಲ್ಲಿ ಮುಟ್ಟಿರಲಿಲ್ಲ. ಮೊದಲನೆಯದರಲ್ಲಿ ಬೆರಳು ಇಳಿಯಿತು, ಎತ್ತಿದಾಗ ತಗ್ಗು ನಿಧಾನ ತುಂಬಿಕೊಂಡಿತು. ಎರಡನೆಯದು ಬೆರಳನ್ನು ಒಳಗೆ ಬಿಡಲಿಲ್ಲ.

"ಇದು ಕೆರೆ ಅಂಚಿಗೆ ಮೇದ ಕುರಿ. ನೀರಾಗಿನ ಹುಳ ಒಳಗೆ ಹೋಗಿ ಹಿಂಗೆ ಮಾಡ್ತೈತೆ. ಚಾಕು ಹಾಕಿದ್ರೆ ಕರಕರ ಅಂತೈತೆ" ಎಂದ. "ಕೊಯ್ಯೋ ತನಕ ಗೊತ್ತೇ ಆಗಲ್ಲ ಮೇಡಂ. ಚೆನ್ನಾಗೇ ಮೇಯ್ತೈತೆ, ಓಡಾಡ್ತೈತೆ. ನಲವತ್ತು ವರ್ಷ ನೋಡೀನಿ, ಕಲೀಜಿ ಕೆಟ್ಟೈತಿ ಅಂತ ಯಾವ ಕುರಿನೂ ಅತ್ತಿಲ್ಲ. ಈಗ ಇದು ಯಾವ ಅಂಗಡ್ಯಾಗೆ ಕುಡೀತಿತ್ತು, ಅದನ್ನೂ ಬರ್ಕೊಳ್ರಿ."

ಹಫೀಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕಾಣಲಿಲ್ಲ. ಅರುಣಾಳ ಮುಖ ಬಿಸಿಯಾಯಿತು; ಆದರೆ ಆ ಮಾತು ತನಗೆ ಸಲ್ಲಬೇಕಾದ್ದೇ ಎನ್ನಿಸಿ ಒಂದು ಬಗೆಯ ನಿರಾಳವೂ ಆಯಿತು. "ನಂದು ಎಷ್ಟು ಗಟ್ಟಿ?" ಎಂದು ಆತ ಕೇಳಿದ. ಅವಳು ಎರಡನ್ನೂ ಮತ್ತೆ ಒತ್ತಿ ನೋಡಿ, "ಇವೆರಡರ ನಡುವೆ. ಇದರ ಕಡೆಗೆ ವಾಲಿದೆ" ಎಂದು ಕೆಟ್ಟದ್ದನ್ನು ತೋರಿಸಿದಳು. "ನಿಮಗೆ ಹುಳ ಅಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು. ಲಿವರಿನಲ್ಲಿ ಕೊಬ್ಬು ಕೂತು, ಅದು ಉರಿದು, ಉರಿದಲ್ಲಿ ಕಲೆ ಕಟ್ಟುತ್ತದೆ." ಇಂಥವರಿಗೆಂದೇ ಒಂದು ಗುಳಿಗೆಯ ಪ್ರಯೋಗ ಬರುವ ತಿಂಗಳು ಶುರುವಾಗುತ್ತದೆ, ಕುಡಿದವರನ್ನು ಅದಕ್ಕೆ ಸೇರಿಸುವುದಿಲ್ಲ, ತನ್ನ ಗುರುತಿನಿಂದಾಗಿ ಆತನ ಹೆಸರು ಬಿಟ್ಟುಹೋಗಿತ್ತು, ಈಗ ಮತ್ತೆ ಸೇರುತ್ತದೆ ಎಂದೂ ಹೇಳಿದಳು. ಅರ್ಧ ಜನರಿಗೆ ಮದ್ದಿನ ಗುಳಿಗೆ, ಅರ್ಧ ಜನರಿಗೆ ಖಾಲಿ ಗುಳಿಗೆ. ಯಾರಿಗೆ ಯಾವುದು ಬಂತು ಎಂಬುದು ಮುಗಿಯುವ ತನಕ ಡಾಕ್ಟರಿಗೂ ತಿಳಿಯುವುದಿಲ್ಲ. ನನ್ನೇಸಾಬ ಅದನ್ನು ಎರಡು ಸಲ ಹೇಳಿಸಿಕೊಂಡ. "ಕೊಡೋರಿಗೂ ಗೊತ್ತಿಲ್ಲ, ನುಂಗೋರಿಗೂ ಗೊತ್ತಿಲ್ಲ" ಎಂದ. "ಯಾಕಂದ್ರೆ, ಕೊಡೋರಿಗೆ ಗೊತ್ತಿದ್ರೆ ಅವರ ಕಣ್ಣಿಗೆ ಬೇಕಾದ್ದೇ ಕಾಣ್ತೈತೆ. ಅಲ್ವಾ?" ಹೌದು ಎಂದಳು ಅರುಣಾ. ಆತ ಫಾರಂನಲ್ಲಿ ಸಹಿ ಹಾಕುವಾಗ ಹಫೀಜಾ ಎದ್ದು, ಮಾತು ಬಿಟ್ಟ ಮೇಲೆ ಮೊದಲ ಸಲ, "ಕನ್ನಡಕ ಹಾಕ್ಕೊಂಡು ಬರೀರಿ" ಎಂದು ಗಂಡನಿಗೆ ಹೇಳಿ, ಕನ್ನಡಕ ತರಲು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅರುಣಾ ಬಸವಾಪಟ್ಟಣಕ್ಕೆ ಹೋದಳು. ಅಮ್ಮ ಹಿತ್ತಲಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅರವತ್ತು ದಾಟಿದ್ದರೂ ಕೈ ಚುರುಕಾಗಿತ್ತು. ಅರುಣಾ ಎದುರು ಕೂತು ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡು, ಗಾದ್ರಮ್ಮನಿಂದ ಶುರುಮಾಡಿ ಹೇಳುತ್ತ ಹೋದಳು. ಉಸಿರಿನ ವಾಸನೆ ಹೆಂಡದ್ದಲ್ಲ. ತೊದಲಿದ್ದು ಅಮಲಿನಲ್ಲಲ್ಲ. ಕೈ ನಡುಗಿದ್ದೂ ಅದರಿಂದಲ್ಲ. "ಅಪ್ಪ ಕುಡೀತಿರಲಿಲ್ಲಮ್ಮ" ಎಂದಳು. ಅಮ್ಮನ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕು ಕಾಯಿ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, "ಗೊತ್ತೈತೆ" ಎಂದಳು.

ಅರುಣಾ ತಪ್ಪು ಕೇಳಿಸಿತೆಂದುಕೊಂಡಳು.

"ಚನ್ನಗಿರಿ ಡಾಕ್ಟರು ಹೇಳಿದ್ರು. ಅವರು ಹೋದ ದಿನಾನೇ" ಎಂದಳು ಅಮ್ಮ. "ಎಂಥದೋ ಕಾಮಾಲೆ ಒಳಗೇ ಇತ್ತಂತೆ, ವರ್ಷಗಟ್ಟಲೆ. ಇದು ಕುಡಿತದ್ದಲ್ಲಮ್ಮ, ರಕ್ತದ ಪರೀಕ್ಷೆ ಮಾಡೀವಿ, ಅಂದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. "ನೀನು ವಾಸನೆ ಬರ್ತೈತೆ ಅಂದಿದ್ದೆ. ಚಾಪೆ ಹೊರಗೆ ಹಾಕಿದಾಕಿ ನಾನು. ಅದನ್ನ ನಾನು ಹೊತ್ಕೋತೀನಿ. ಹದಿನಾಲ್ಕು ವರ್ಷದ ಹುಡುಗಿ ಹೆಂಗೆ ಹೊರ್ತಿದ್ದೆ ನೀನು? ಹೇಳಿದ್ರೆ ನೀನು ಊಟ ಮಾಡ್ತಿದ್ದೆಯಾ, ಓದ್ತಿದ್ದೆಯಾ? ಹಂಗಾಗಿ ಊರು ಏನು ಅಂತಿತ್ತೋ ಅದನ್ನೇ ನಾನೂ ಅಂದೆ. ಸತ್ತೋರಿಗೆ ಹೆಸರು ಕಟ್ಕೊಂಡು ಏನಾಗಬೇಕು. ನೀನು ಬದುಕಬೇಕಿತ್ತು."

ಇಪ್ಪತ್ತೆರಡು ವರ್ಷ ಅಮ್ಮ ಅಪ್ಪನನ್ನು ಕುಡುಕ ಎಂದು ಕರೆದ ಸಂದರ್ಭಗಳು ಒಂದೊಂದಾಗಿ ಅರುಣಾಳ ಕಣ್ಣ ಮುಂದೆ ಬಂದವು. ಮದುವೆ ಮನೆಗಳಲ್ಲಿ, ಬೀಗರ ಎದುರು, ಒಮ್ಮೆ ಅಪ್ಪನ ಸ್ವಂತ ತಂಗಿಯ ಎದುರು, ಆಕೆ ಎದ್ದು ಹೋಗುವ ಹಾಗೆ. ಪ್ರತಿಸಲವೂ ಸುಳ್ಳೆಂದು ಗೊತ್ತಿದ್ದೇ ಹೇಳಿದ್ದಳು. ಪ್ರತಿಸಲವೂ ಮಗಳು ಕೇಳುತ್ತಿದ್ದಾಳೆಯೇ ಎಂದು ಓರೆಗಣ್ಣಲ್ಲಿ ನೋಡಿಕೊಂಡಿದ್ದಳೇ? ಅಳಬೇಕೆನ್ನಿಸಿದರೂ ಅರುಣಾಳಿಗೆ ಮೊದಲು ಬಂದದ್ದು ಪ್ರಶ್ನೆ. ಯಾವ ಕಾಮಾಲೆ ಎಂದರು, ಚೀಟಿ ಕೊಟ್ಟಿದ್ದರೇ, ಅಪ್ಪನಿಗೆ ಎಂದಾದರೂ ರಕ್ತ ಹಾಕಿಸಿದ್ದರೇ ಎಂದು ಕೇಳುತ್ತಲೇ ಹೋದಳು. ಅಮ್ಮ ನೆನಪಿದ್ದಷ್ಟು ಹೇಳಿದಳು. ಹೌದು, ಮದುವೆಗೆ ಮುಂಚೆ ಸೈಕಲ್ಲಿನಿಂದ ಬಿದ್ದು ತೊಡೆ ಮುರಿದಾಗ ಯಾರದೋ ರಕ್ತ ಹಾಕಿದ್ದರಂತೆ. ಅಲ್ಲಿಂದ ಬಂದಿರಬಹುದು, ಬರದೆಯೂ ಇರಬಹುದು. ಇನ್ನು ಅದನ್ನು ನೋಡಿ ಹೇಳುವವರಾರೂ ಇಲ್ಲ ಎಂದು ಅರುಣಾ ಹೇಳಿದಳು.

"ಅದು ಎಲ್ಲಿರ್ತೈತೆ?" ಎಂದಳು ಅಮ್ಮ. "ಆ ಲಿವರು. ಡಾಕ್ಟರು ಕೈ ತೋರಿಸಿ ಹೇಳಿದ್ರು, ನಾನು ನೋಡಲೇ ಇಲ್ಲ ಅವತ್ತು."

ಅರುಣಾ ಹತ್ತಿರ ಸರಿದು, ಅಮ್ಮನ ಬಲಗೈ ಹಿಡಿದು, ಅಂಗೈಯನ್ನು ತನ್ನ ಬಲಪಕ್ಕೆಯ ಕೆಳಗಿನ ಎಲುಬಿನ ಮೇಲೆ ಇಟ್ಟುಕೊಂಡಳು. ಅಮ್ಮ ತಲೆ ವಾಲಿಸಿ, ಬಾಗಿಲಾಚೆ ಯಾರೋ ಇದ್ದಾರೆಂಬಂತೆ ಗಮನ ಕೊಟ್ಟಳು. ಅರುಣಾ ಉಸಿರು ಒಳಗೆಳೆದುಕೊಂಡು ಬಿಟ್ಟಳು, ಇನ್ನೊಮ್ಮೆ ಎಳೆದುಕೊಂಡಳು. ಹಿತ್ತಲ ಗೋಡೆಯಾಚೆ ಬಸ್ಸೊಂದು ನಿಂತು ಹೋಯಿತು.

"ಏನೂ ತಿಳಿಯಲ್ಲ" ಎಂದಳು ಅಮ್ಮ.

"ತಿಳಿಯಲ್ಲ" ಎಂದಳು ಅರುಣಾ. ಅಮ್ಮ ಕೈ ತೆಗೆಯಲಿಲ್ಲ.